ನಲವತ್ತೈದಕ್ಕೆ ಇಡಲು ಹೇಳಿದ ಫೋನು

ದೆವ್ವ, ಶಕುನ ಎಂದೆಲ್ಲ ಹೇಳುವವರ ಮುಂದೆ ಮುಸಿಮುಸಿ ನಗುತ್ತಿದ್ದವಳು ನಾನು. ಈಗಲೂ ನಗುತ್ತೇನೆ, ಆದರೆ ಸ್ವಲ್ಪ ಮೆಲ್ಲಗೆ.

ನಾಲ್ಕು ವರ್ಷದ ಹಿಂದಿನ ಮಾತು. ರೋಗಾಣುಗಳನ್ನು ಕೊಲ್ಲುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕು ಜೀವಕೋಶದ ಪೊರೆಯೊಳಗೆ ಹೇಗೆ ನುಗ್ಗುತ್ತದೆ ಎಂದು, ಅಣುಗಳ ರಚನೆ ತೋರಿಸುವ ಎನ್‌ಎಂಆರ್ ಯಂತ್ರದಲ್ಲಿ ನೋಡುವುದು ನನ್ನ ಪಿಎಚ್‌ಡಿ ಕೆಲಸ. ಯಂತ್ರವಿದ್ದದ್ದು ದೂರದ ಊರಲ್ಲಿ. ನನಗೆ ಉಳಿದಿದ್ದದ್ದು ಒಂದೇ ಒಂದು ಸರದಿ, ಅದೂ ಭಾನುವಾರ. ಅದು ಕೆಟ್ಟರೆ ಡಿಗ್ರಿಯ ಆಸೆ ಬಿಡಬೇಕಿತ್ತು. ಮಾದರಿಯನ್ನೂ ಸೂಚನೆಯ ಚೀಟಿಯನ್ನೂ ಅಲ್ಲಿನ ಆಪರೇಟರ್, ನಮ್ಮ ಕಡೆಯ ತೆಕ್ಕಲಕೋಟೆಯವರೇ ಆದ ಬಸಣ್ಣನವರಿಗೆ ಮೊದಲೇ ಕಳಿಸಿದ್ದೆ. ಆ ದಿನ ಬಳ್ಳಾರಿಯ ಮನೆಗೆ ಬೀಗ ಹಾಕಿ ಎಲ್ಲರೂ ಸಿರುಗುಪ್ಪಕ್ಕೆ, ಬಸುರಿ ಅಕ್ಕನ ಕುಬಸಕ್ಕೆ ಹೋದೆವು.

ಊಟಕ್ಕೆ ಕುಳಿತು ಹೋಳಿಗೆಗೆ ತುಪ್ಪ ಬಿದ್ದಾಗ ನನಗೆ ತಟ್ಟನೆ ನೆನಪಾಯಿತು. ಈ ಸಲ ಪೊರೆಗೆ ಬೇರೆ ಕೊಬ್ಬು ಬಳಸಿದ್ದೆ. ಅದು ಇಪ್ಪತ್ತೈದು ಡಿಗ್ರಿಯಲ್ಲಿ ಚಳಿಗಾಲದ ತುಪ್ಪದಂತೆ ಗಟ್ಟಿ, ಪೆಪ್ಟೈಡ್ ಒಳಗೆ ಹೋಗುವುದೇ ಇಲ್ಲ; ಮೆತ್ತಗಾಗಲು ನಲವತ್ತೈದು ಬೇಕು. ನಾನೋ ಹಳೆಯ ಚೀಟಿಯನ್ನೇ ನಕಲು ಮಾಡಿ ಇಪ್ಪತ್ತೈದೆಂದೇ ಬರೆದಿದ್ದೆ. ಫೋನು ನೋಡಿದರೆ ಬಳ್ಳಾರಿಯಲ್ಲಿ, ಚಾರ್ಜಿನಲ್ಲಿ. ಬಸಣ್ಣನವರ ನಂಬರು ಬಾಯಿಪಾಠವಿಲ್ಲ. ಭಾವನ ಫೋನಿನಲ್ಲಿ ಅವರ ಕಚೇರಿಯ ನಂಬರು ಹುಡುಕಿ ಮಾಡಿದೆ, ಭಾನುವಾರ ಯಾರೂ ಎತ್ತಲಿಲ್ಲ. ಕಣ್ಣಲ್ಲಿ ನೀರು ಬಂತು.

“ಮನ್ಯಾಗ ಬಿಟ್ಟು ಬಂದ ಫೋನಿಗೆ ಯಾಕ ಅಳ್ತಿ? ಇನ್ನೊಂದು ಹೋಳಿಗಿ ತಿನ್ನು,” ಎಂದು ಕುರುಗೋಡಿನ ಚಿಕ್ಕಮ್ಮ ಎಲೆಗೆ ಹಾಕಿಯೇಬಿಟ್ಟಳು. ಅಳುತ್ತಲೇ ಮೂರು ತಿಂದೆ.

ಸಂಜೆ ಬೀಗ ತೆಗೆದದ್ದು ನಾನೇ. ಫೋನು ಇಟ್ಟಲ್ಲೇ ಇತ್ತು. ಬಸಣ್ಣನವರಿಗೆ ಮಾಡಿದೆ.

“ಭಾಳ ಚಂದ ಬಂದೈತ್ರಿ ಮೇಡಂ. ನೀವು ಹೇಳಿದಂಗ ನಲವತ್ತೈದಕ್ಕ ಇಟ್ಟೆ.”

“ನಾ ಯಾವಾಗ ಹೇಳಿದೆರಿ?”

“ಮಧ್ಯಾಹ್ನ ಫೋನ್ ಮಾಡಿದ್ರಲ್ಲ. ನಮ್ಮೂರ ಬಿಸಿಲಿನಷ್ಟು ಇಡ್ರಿ ಅಂದ್ರಿ. ಅಕ್ಕನ ಕುಬಸ, ಮೂರು ಹೋಳಿಗಿ ತಿಂದೀನಿ ಅಂತನೂ ಅಂದ್ರಿ.”

ಅವರ ಫೋನಿನ ಪರದೆಯ ಚಿತ್ರ ತರಿಸಿ ನೋಡಿದೆ. ನಾನು ಎಲೆಯ ಮುಂದಿದ್ದ ಹೊತ್ತಿಗೆ ಸರಿಯಾಗಿ, ನನ್ನದೇ ನಂಬರಿನಿಂದ ಕರೆ ಹೋಗಿದೆ. ನನ್ನ ಫೋನಿನಲ್ಲಿ ಅದರ ಗುರುತೇ ಇಲ್ಲ. ಹೋಳಿಗೆ ಬಡಿಸಿದ ಚಿಕ್ಕಮ್ಮನಿಗಂತೂ ಬಸಣ್ಣ ಯಾರೆಂದೇ ಗೊತ್ತಿಲ್ಲ. ಫೋನ್ ಕಂಪನಿಯ ತಪ್ಪಿರಬೇಕು ಎಂದ ಅಪ್ಪ, ಹೋಳಿಗೆಯ ಲೆಕ್ಕಕ್ಕೆ ಬಂದಾಗ ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದರು.

ಡಿಗ್ರಿ ಬಂತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್, ಬಸಣ್ಣನವರು, ಅಪ್ಪ, ಚಿಕ್ಕಮ್ಮ ಎಲ್ಲರೂ ಇದ್ದಾರೆ. ಆ ಫೋನ್ ಮಾಡಿದವಳನ್ನೂ ಸೇರಿಸಲು ಕೂತಿದ್ದೆ. ಹೆಸರು ಬರೆದು ನೋಡಿದರೆ ನನ್ನದೇ. ಅಳಿಸಿದೆ. ಅವಳಿಗೆ ಥ್ಯಾಂಕ್ಸ್ ಹೇಳುವುದು ಹೇಗೆಂದು ಇವತ್ತಿಗೂ ತಿಳಿದಿಲ್ಲ.