ಏಳುನೂರರ ಕೋಲು

ಕಾರ್ಬನ್ ಬಾಣವನ್ನು ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು ಎನ್ನುವ ಜಾತಿಯ ಬೇಟೆಗಾರ ಆರ್ವಿದ್ ಟೆರ್ವೊ. ಉತ್ತರ ಮಿಷಿಗನ್‌ನ ನಮ್ಮ ಕಾಡೂರಿನಲ್ಲಿ ಅಂಥವರು ಬೇಕಾದಷ್ಟಿದ್ದಾರೆ, ಆದರೆ ಕೇಳದಿದ್ದರೂ ಹೇಳುತ್ತಿದ್ದವನು ಇವನೊಬ್ಬನೇ. ಮೂವತ್ತೊಂದು ವರ್ಷ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದ ಕೈ ಅದು. ದೇವದಾರಿನ ಕೋಲೊಂದನ್ನು ಎರಡು ಹೆಬ್ಬೆರಳ ಮೇಲೆ ಬಾಗಿಸಿ, ಇದು ಹಾರುತ್ತೆ, ಇದು ಒಲೆಗೆ ಎಂದು ಕಣ್ಣು ಮುಚ್ಚಿ ವಿಂಗಡಿಸುತ್ತಿದ್ದ. ಊರಿನ ಅರ್ಧ ಬತ್ತಳಿಕೆಗಳಲ್ಲಿ ಇದ್ದದ್ದು ಅವನು ಮಾಡಿಕೊಟ್ಟ ಬಾಣಗಳೇ. ಕಾರ್ಬನ್ ಕೋಲು ಹಿಡಿದವರನ್ನು ಕಂಡರೆ, ‘ಏನಪ್ಪಾ, ಗಾಳದ ಕೋಲಿಗೆ ಗರಿ ಅಂಟಿಸ್ಕೊಂಡು ಎಲ್ಲಿಗ್ ಹೊರಟೆ, ಮೀನು ಹಿಡಿಯಕ್ಕಾ?’ ಎಂದು ಕಾಲೆಳೆಯುತ್ತಿದ್ದ.

ಅಂಥವನು ಅರವತ್ನಾಲ್ಕನೇ ವಯಸ್ಸಿನಲ್ಲಿ ಕಾರ್ಬನ್ ಕಡೆ ವಾಲಿದ್ದಕ್ಕೆ ಕಾರಣ ಹೋದ ಅಕ್ಟೋಬರಿನ ಒಂದು ಗಂಡು ಜಿಂಕೆ.

ಆ ದಿನ ಅವನ ಜೊತೆ ಮಗಳು ಐಲಾ ಇದ್ದಳು. ಹನ್ನೊಂದರ ವಯಸ್ಸಿನಿಂದ ಅಪ್ಪನ ಹಿಂದೆ ಕಾಡು ಸುತ್ತಿದವಳು, ಈಗ ಮೂವತ್ತೈದು, ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಎಂಬತ್ತು ಹೆಜ್ಜೆ ಆಚೆ ಒಂದು ಮರದ ಬುಡದಲ್ಲಿ ಕೂತಿದ್ದಳು. ಜಿಂಕೆ ಆರ್ವಿದನಿಗೆ ಹದಿನೆಂಟು ಹೆಜ್ಜೆಯಲ್ಲಿ ಅಡ್ಡ ನಿಂತಿತು. ಬಾಣ ಬಿಟ್ಟ, ತಾಗಿತು, ಜಿಂಕೆ ಓಡಿತು. ಅಲ್ಲೇ ಬಿದ್ದಿದ್ದ ಬಾಣ ನೋಡಿದರೆ ನಾಲ್ಕು ಬೆರಳಿನಷ್ಟೂ ಒಳಹೋದ ಗುರುತಿಲ್ಲ. ಬಿಲ್ಲಿನಲ್ಲಿ ಹೊಡೆದ ಮೇಲೆ ಒಂದು ಗಂಟೆಯಾದರೂ ಕಾಯಬೇಕು, ಪ್ರಾಣಿ ಒಂದು ಕಡೆ ಮಲಗಬೇಕು, ಆಮೇಲೆ ನೆತ್ತರಿನ ಜಾಡು. ಐವತ್ತು ನಿಮಿಷಕ್ಕೆ ಹೊರಟರು, ಐಲಾ ಮುಂದೆ. ಜರೀಗಿಡಗಳ ನಡುವಿನಿಂದ ಜಿಂಕೆ ಎದ್ದು ಜೌಗಿನೊಳಗೆ ಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ.

ಗಾಯವಾದ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರುವುದಕ್ಕಿಂತ ದೊಡ್ಡ ಅವಮಾನ ನಮ್ಮ ಬಿಲ್ಲುಗಾರರಿಗೆ ಇನ್ನೊಂದಿಲ್ಲ. ಅದನ್ನು ಹೊರುವುದಕ್ಕೆ ಆರ್ವಿದನ ಹೆಗಲು ಸಿದ್ಧವಿರಲಿಲ್ಲ. ‘ಹತ್ತೇ ಹತ್ತು ನಿಮಿಷ ತಡ್ಕೊಂಡಿದ್ರೆ ಸಿಕ್ಕಿರೋದು. ಐಲಾ ಅವಸರ ಮಾಡಿದ್ಲು’ ಎಂದ. ಚಳಿಗಾಲವೆಲ್ಲ ಕ್ಲೈಡ್ ಪೆಲ್ಕೊಲಾನ ಬಿಲ್ಲಿನ ಅಂಗಡಿಯಲ್ಲಿ, ಕಾಫಿ ಹೀರುತ್ತ, ಅದನ್ನೇ ಹೇಳಿದ. ಕತೆಯಲ್ಲಿ ಐವತ್ತು ನಿಮಿಷ ನಲವತ್ತಾಯಿತು, ಮಾರ್ಚ್ ಹೊತ್ತಿಗೆ ಅರ್ಧ ಗಂಟೆಗೆ ಇಳಿಯಿತು. ಐಲಾ ಒಂದು ದಿನವೂ ಎದುರು ಮಾತಾಡಲಿಲ್ಲ. ‘ಈ ವರ್ಷ ಬರ್ತೀಯ ತಾನೆ?’ ಎಂದು ಬೇಸಿಗೆಯಲ್ಲಿ ಕೇಳಿದಾಗ ಮಾತ್ರ, ‘ನೋಡೋಣ ಅಪ್ಪ, ಡ್ಯೂಟಿ ಹೇಗಿರುತ್ತೋ’ ಎಂದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಡ್ಯೂಟಿಯ ನೆಪ ಹೇಳಿದ್ದು ಅದೇ ಮೊದಲು. ಅವಳಿಲ್ಲದ ಅಕ್ಟೋಬರು ಆರ್ವಿದನಿಗೆ ಬೇಕಿರಲಿಲ್ಲ.

ಅದಕ್ಕೆ ಅವನು ಕಂಡುಕೊಂಡ ಮದ್ದು ಹೊಸ ಬಾಣ. ಮರದ ಕೋಲು ಕೈಕೊಟ್ಟಿತು, ಭಾರದ ಅಲಗಿನ ಕಾರ್ಬನ್ ಆದರೆ ಆಚೆ ಬದಿಗೆ ಹಾದುಹೋಗುತ್ತೆ, ಜಾಡು ಹಿಡಿಯುವ ಜಗಳವೇ ಇರುವುದಿಲ್ಲ. ತಪ್ಪು ಮರದ್ದು ಇಲ್ಲವೇ ಮಗಳದು. ಮೂರನೆಯವನೊಬ್ಬ ಅಲ್ಲಿ ಬಿಲ್ಲು ಹಿಡಿದು ನಿಂತಿದ್ದ ಅನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ.

ಕ್ಲೈಡ್ ನಾಲ್ಕು ಕೋಲುಗಳನ್ನು ಪರೀಕ್ಷೆಗೆಂದು ಕೊಟ್ಟ: ನಾನೂರು, ಐನೂರು, ಆರುನೂರು, ಏಳುನೂರು. ಕೋಲು ಎಷ್ಟು ಬಾಗುತ್ತೆ ಅನ್ನುವುದರ ಅಂಕಿ ಅದು; ಕಾರ್ಬನ್ನಿನಲ್ಲಿ ಲೆಕ್ಕ ತಿರುಗುಮುರುಗು. ಅಂಕಿ ದೊಡ್ಡದಾದಷ್ಟೂ ಕೋಲು ಮೆದು. ನಾನೂರು ಗಟ್ಟಿ ಬಿಲ್ಲಿನವರಿಗೆ, ಏಳುನೂರು ಬೇಸಿಗೆ ಶಿಬಿರಕ್ಕೆ ಬರುವ ಮಕ್ಕಳಿಗೆ. ‘ನಿನ್ನ ಐವತ್ತು ಪೌಂಡು ಎಳೆತದ ಬಿಲ್ಲಿಗೆ ಐನೂರು ಸರಿಹೋಗುತ್ತೆ. ಆದ್ರೂ ಗರಿ ಹಚ್ಚದೆ ಹೊಡೆದು ನೋಡು. ಕೋಲು ಸುಳ್ಳು ಹೇಳಲ್ಲ’ ಎಂದ ಕ್ಲೈಡ್. ‘ಏಳುನೂರು ನೀನೇ ಇಟ್ಕೊ, ನಿನ್ ಹೆಂಡ್ತಿ ಹೆಣಿಗೆಗೆ ಬೇಕಾಗುತ್ತೆ’ ಎಂದ ಆರ್ವಿದ್. ಆದರೂ ಕಟ್ಟಿನಲ್ಲಿ ಅದೂ ಬಂತು.

ಸೆಪ್ಟೆಂಬರಿನ ಮೊದಲ ಶನಿವಾರ, ಬೆಳಗಿನ ಹತ್ತು ಗಂಟೆ. ಹಿತ್ತಲಿನ ಹುಲ್ಲಿನ ಪೆಂಡಿಗೆ ಹದಿನೈದು ಹೆಜ್ಜೆಯಿಂದ ಶುರುಮಾಡಿದ. ಬಲಗೈಯವನು ಹೊಡೆದ ಗರಿಯಿಲ್ಲದ ಕೋಲು ಎಡಕ್ಕೆ ಹೋದರೆ ಅದು ಬಿಲ್ಲಿಗೆ ತೀರ ಗಡಸು, ಬಲಕ್ಕೆ ಹೋದರೆ ತೀರ ಮೆದು. ನಾನೂರರ ಕೋಲು ಪೆಂಡಿಯನ್ನೇ ಬಿಟ್ಟು ಎಡಗಡೆಯ ಬೇಲಿಗೆ ಬಡಿಯಿತು. ಇರಲಿ, ಅದು ಗೊತ್ತಿದ್ದದ್ದೇ. ಐನೂರು ಒಂದು ಮೊಳ ಎಡಕ್ಕೆ ಹೋಗಿ ಓರೆಯಾಗಿ ನಾಟಿತು. ಮತ್ತೆ ಹೊಡೆದ, ಮತ್ತೆ ಎಡಕ್ಕೇ. ಕೋಲು ಮೆದುವಾಗಲೆಂದು ಮೂತಿಯ ತೂಕ ಹೆಚ್ಚಿಸಿ ನೋಡಿದ, ಅಷ್ಟಕ್ಕಷ್ಟೇ. ಆರುನೂರು ಕೂಡ ಒಂದು ಗೇಣು ಎಡಕ್ಕೆ ಸರಿಯಿತು. ಕೊನೆಗೆ, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಏಳುನೂರನ್ನು ಹೆದೆಗೇರಿಸಿದ. ಅದು ಬೆಣ್ಣೆಗೆ ಹೋದ ಹಾಗೆ ನಡುಮಧ್ಯಕ್ಕೆ, ನೆಟ್ಟಗೆ ಹೋಗಿ ನಿಂತಿತು. ಆರು ಸಲ ಹೊಡೆದ. ಆರು ಸಲವೂ ಅಲ್ಲೇ.

ಆರ್ವಿದ್ ದಂಗಾದ. ಕಾರ್ಖಾನೆಯವರು ಅಂಕಿ ತಪ್ಪಾಗಿ ಹಾಕಿದ್ದಾರೆ ಎಂದು ಮೊದಲು ಬೈದ. ಆಮೇಲೆ ಬಿಲ್ಲನ್ನು ತಿರುಗಿಸಿ ನೋಡಿದ. ಮಕ್ಕಳ ಕೋಲು ನೆಟ್ಟಗೆ ಹಾರಬೇಕಾದರೆ ಬಿಲ್ಲು ಮಕ್ಕಳ ಬಿಲ್ಲಿನಂತೆ ತಳ್ಳುತ್ತಿರಬೇಕು. ಬಿಲ್ಲಿನ ಮೇಲೆ ಅದನ್ನು ಮಾಡಿದವನ ಕೈಬರಹ ಇನ್ನೂ ನಿಚ್ಚಳವಾಗಿತ್ತು: ಇಪ್ಪತ್ತೆಂಟು ಇಂಚು ಎಳೆದರೆ ಐವತ್ತು ಪೌಂಡು. ಮೂವತ್ತು ವರ್ಷದ ಹಿಂದೆ ಅಳೆದ ಇಪ್ಪತ್ತೆಂಟು ಅದು. ಆಮೇಲೆ ಯಾರೂ ಅಳೆದಿರಲಿಲ್ಲ.

ತಂತಿಯ ಮೇಲಿಂದ ಬಟ್ಟೆಯ ಕ್ಲಿಪ್ಪೊಂದನ್ನು ತಂದು ಆರುನೂರರ ಕೋಲಿಗೆ ಸಡಿಲವಾಗಿ ಸಿಕ್ಕಿಸಿದ, ಬಿಲ್ಲಿನ ಮುಂಬದಿಗೆ ತಾಗಿಕೊಂಡಂತೆ. ಎಳೆದಷ್ಟೂ ಬಿಲ್ಲು ಕ್ಲಿಪ್ಪನ್ನು ಕೋಲಿನುದ್ದಕ್ಕೆ ತಳ್ಳುತ್ತೆ. ಅದು ಎಲ್ಲಿ ನಿಂತಿತೋ ಅಷ್ಟು ನಿಮ್ಮ ಎಳೆತ. ಯಾವಾಗಲೂ ಎಳೆಯುವ ಹಾಗೇ ಎಳೆದ, ಬೆರಳು ತುಟಿಯಂಚಿಗೆ ತಾಗುವವರೆಗೆ. ಅಳತೆಪಟ್ಟಿ ಹಿಡಿದು ನೋಡಿದ. ಇಪ್ಪತ್ತೈದೂವರೆ.

ಪಟ್ಟಿಯನ್ನು ತಿರುಗಿಸಿ ಇನ್ನೊಂದು ತುದಿಯಿಂದ ಅಳೆದ. ಇಪ್ಪತ್ತೈದೂವರೆ. ಮತ್ತೆ ಎಳೆದ, ಹಲ್ಲು ಕಚ್ಚಿ; ನಾಲ್ಕು ವರ್ಷದ ಹಿಂದೆ ದಿಮ್ಮಿಯಿಂದ ಜಾರಿ ಬಿದ್ದಾಗ ಪೆಟ್ಟಾದ ಹೆಗಲು ಚುರ್ ಎಂದಿತು. ಈ ಸಲ ಕಾಲಿಂಚು ಕಡಿಮೆಯೇ ಬಂತು.

ಹುಲ್ಲಿನ ಪೆಂಡಿಯ ಮೇಲೆ ಕೂತ. ಇಂಚಿಗೆ ಎರಡೂವರೆ ಪೌಂಡು ಕಳೆದರೆ ಐವತ್ತರ ಬಿಲ್ಲು ಅವನ ಕೈಯಲ್ಲಿ ನಲವತ್ತನಾಲ್ಕಕ್ಕೂ ಬರುತ್ತಿರಲಿಲ್ಲ. ಆ ಬಿಲ್ಲಿಗೆ ಐವತ್ತರ ಲೆಕ್ಕದಲ್ಲಿ ಆರಿಸಿದ ಗಡಸು ದೇವದಾರು ಕೋಲು. ಅಂದರೆ ಆ ಬಾಣ ಹದಿನೆಂಟು ಹೆಜ್ಜೆಯಲ್ಲಿ ಬಾಲ ಅಲ್ಲಾಡಿಸುತ್ತ ಅಡ್ಡಡ್ಡ ಹೋಗಿ ಬಡಿದಿತ್ತು, ಅದಕ್ಕೇ ಒಳಹೋಗಲಿಲ್ಲ. ಕಾದದ್ದು ಐವತ್ತು ನಿಮಿಷವಾಗಲಿ ಐದು ಗಂಟೆಯಾಗಲಿ, ಆ ಜಿಂಕೆ ಸಿಗುತ್ತಲೇ ಇರಲಿಲ್ಲ. ಒಂದು ಚಳಿಗಾಲವೆಲ್ಲ ಊರವರೆದುರು ಮಗಳ ಮರ್ಯಾದೆ ತೆಗೆದಿದ್ದ.

ಬೇಲಿಯಾಚೆ ಐಲಾಳ ಕಾರು ಬಂದು ನಿಂತ ಸದ್ದಾಯಿತು. ಕೋಲು ಆರಿಸಲು ಕೈಜೋಡಿಸುತ್ತೇನೆ ಎಂದಿದ್ದಳು. ಆರ್ವಿದನ ಕೈ ತಾನಾಗಿಯೇ ಕ್ಲಿಪ್ಪಿನ ಮೇಲೆ ಹೋಗಿ ಅದನ್ನು ಇಪ್ಪತ್ತೆಂಟಕ್ಕೆ ಸರಿಸಿತು. ಮನುಷ್ಯನ ಕೈ ಎಂಥ ಕಳ್ಳ ಎಂದು ಅವನಿಗೇ ಹೇಸಿಗೆಯಾಯಿತು.

ಐಲಾ ಏಲಕ್ಕಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು. ಪೆಂಡಿಯಲ್ಲಿ ನಾಟಿಕೊಂಡಿದ್ದ ಏಳುನೂರನ್ನು ನೋಡಿದಳು, ಬೇಲಿಯ ಬಳಿ ಬಿದ್ದಿದ್ದ ನಾನೂರನ್ನು ನೋಡಿದಳು. ಕ್ಲಿಪ್ಪನ್ನು ನೋಡಿ ಕೇಳಿದಳು. ‘ಎಷ್ಟು ಬಂತು?’

‘ಇಲ್ಲಿ ಇಪ್ಪತ್ತೆಂಟಿದೆ ನೋಡು. ಅದನ್ನ ಸರಿಸಿದ್ದು ನಾನು’ ಎಂದ ಆರ್ವಿದ್. ‘ಬಂದಿದ್ದು ಇಪ್ಪತ್ತೈದೂವರೆ.’

ಐಲಾ ಪೊಟ್ಟಣ ಬಿಚ್ಚಿದಳು. ‘ನಾನು ಇಪ್ಪತ್ತಾರು ಇರ್ಬೋದು ಅಂದ್ಕೊಂಡಿದ್ದೆ.’

‘ಏನಂದೆ?’

‘ಮೂರು ವರ್ಷದಿಂದ ನೋಡ್ತಿದೀನಿ ಅಪ್ಪ. ನಿನ್ನ ಎಡಗೈ ಮಡಚ್ಕೊಳ್ಳುತ್ತೆ. ಹೆದೆ ನಿನ್ನ ಮುಖದ ಹತ್ರ ಬರಲ್ಲ, ನಿನ್ನ ಮುಖಾನೇ ಹೆದೆ ಹತ್ರ ಹೋಗುತ್ತೆ. ಆವತ್ತೂ ಹಾಗೇ ಆಗಿದ್ದು. ನಾನು ಕೂತಿದ್ದ ಕಡೆಯಿಂದ ಚೆನ್ನಾಗಿ ಕಾಣ್ತಿತ್ತು.’

ಆರ್ವಿದನಿಗೆ ಪಟ್ಟಿ ತೋರಿಸಿದ್ದಕ್ಕಿಂತ ದೊಡ್ಡ ಏಟು ಇದು. ಅಂದರೆ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಕ್ಲೈಡನ ಅಂಗಡಿಯಲ್ಲಿ ಅವನು ಅರ್ಧ ಗಂಟೆಯ ಕತೆ ಹೇಳುವಾಗ, ಅವಳು ಮೂಲೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ಆ ದಿನವೂ ಗೊತ್ತಿತ್ತು.

‘ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತು ನಿಂಗೆ?’ ಎಂದ, ಸಿಟ್ಟಿನಲ್ಲಿ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ.

‘ಹೇಳಿದ್ರೆ ನೀನು ಬಿಲ್ಲು ಗೋಡೆಗೆ ನೇತು ಹಾಕ್ಬಿಡ್ತಿದ್ದೆ. ನನ್ನ ಬೈದ್ರೆ ಏನು, ನನಗೆ ಒಗ್ಗಿಹೋಗಿದೆ.’ ಬ್ರೆಡ್ಡಿನ ಚೂರನ್ನು ಅವನ ಕೈಗಿಟ್ಟಳು. ‘ಆದ್ರೆ ಈ ವರ್ಷ ಬರಕ್ಕೆ ಮನಸ್ಸಾಗ್ಲಿಲ್ಲ. ಇನ್ನೊಂದು ಜಿಂಕೆ ಹಾಗೆ ಹೋಗೋದನ್ನ ನೋಡಕ್ಕೆ ನನ್ ಕೈಲಾಗಲ್ಲ.’

ಆರ್ವಿದ್ ಬ್ರೆಡ್ಡು ತಿನ್ನಲಿಲ್ಲ. ಎದ್ದು ನಿಂತ. ‘ಕಾರು ತೆಗಿ’ ಎಂದ.

ಶನಿವಾರವಾದ್ದರಿಂದ ಕ್ಲೈಡನ ಅಂಗಡಿಯಲ್ಲಿ ಕಾಫಿಯ ಸುತ್ತ ಐದಾರು ಜನ ಇದ್ದರು, ಚಳಿಗಾಲದಲ್ಲಿ ಕತೆ ಕೇಳಿದವರೇ. ಆರ್ವಿದ್ ಐಲಾಳನ್ನು ಕಾರಿನಲ್ಲಿ ಕೂರಲು ಬಿಡದೆ ಒಳಗೆ ಕರೆತಂದಿದ್ದ.

‘ಏಳುನೂರು. ಒಂದು ಡಜನ್ ಕೊಡು’ ಎಂದ.

‘ಯಾರಿಗೆ, ಮೊಮ್ಮಕ್ಳಿಗಾ?’ ಎಂದ ಕ್ಲೈಡ್. ಕಾಫಿಯ ಗುಂಪು ನಕ್ಕಿತು. ‘ಹೆಣಿಗೆ ಕಲೀತಿದಾನೆ ಕಣ್ರೋ’ ಎಂದ ಒಬ್ಬ.

‘ನನಗೆ’ ಎಂದ ಆರ್ವಿದ್. ‘ನಾನೀಗ ಎಳೆಯೋದು ಇಪ್ಪತ್ತೈದೂವರೆ ಇಂಚು. ಹೋದ ವರ್ಷವೂ ಅಷ್ಟೇ ಎಳೆದಿದ್ದು. ಆ ಜಿಂಕೆ ಕಳೆದಿದ್ದು ನನ್ನ ಕೈಯಿಂದ. ಇವಳು ಅವಸರ ಮಾಡ್ಲಿಲ್ಲ. ನಾನು ನಿಮಗೆಲ್ಲ ಹೇಳಿದ್ದು ಸುಳ್ಳು.’

ಕಾಫಿಯ ಲೋಟಗಳು ಹಿಡಿದಲ್ಲೇ ಇದ್ದವು. ಆರ್ವಿದ್ ಟೆರ್ವೊನ ಬಾಯಿಂದ ಇಂಥದೊಂದು ಬರುತ್ತದೆಂದು ಆ ಅಂಗಡಿಯಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ, ಐಲಾ ಅಂತೂ ಮೊದಲೇ ಇಲ್ಲ. ಅವಳು ಬಾಗಿಲ ಬಳಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು.

ಕ್ಲೈಡ್ ಕೆಮ್ಮಿ, ಕೋಲಿನ ಪೆಟ್ಟಿಗೆ ಇಳಿಸಿ, ಕೋಲನ್ನು ಎಳೆತಕ್ಕೆ ತಕ್ಕ ಉದ್ದಕ್ಕೆ ಕೊಯ್ಯುವ ಗರಗಸದ ಗುಂಡಿಗೆ ಕೈಯಿಟ್ಟ. ‘ಎಷ್ಟಕ್ಕೆ ಕತ್ತರಿಸ್ಲಿ?’

‘ಅವಳನ್ನ ಕೇಳು. ನಾನೆಷ್ಟು ಎಳೀತೀನಿ ಅನ್ನೋದು ಅವಳಿಗೇ ಗೊತ್ತು’ ಎಂದ ಆರ್ವಿದ್.

ಐಲಾ ಗಲ್ಲಾದ ಹತ್ತಿರ ಬಂದಳು. ಪೆಟ್ಟಿಗೆಯಿಂದ ಒಂದು ಕೋಲು ಎತ್ತಿಕೊಂಡಳು.

‘ಕತ್ತರಿಸ್ಬೇಡಿ’ ಎಂದಳು. ‘ಪೂರ್ತಿ ಉದ್ದಾನೇ ಇರ್ಲಿ, ಅಪ್ಪನ ಎಳೆತ ಇನ್ನೂ ಸ್ವಲ್ಪ ಉದ್ದ ಬರ್ಬೋದು. ನಾವಿಬ್ರೂ ಕಾಡಿಗೆ ಹೋಗಕ್ಕೆ ಇನ್ನೊಂದು ಮೂರ್ನಾಲ್ಕು ವಾರ ಇದೆಯಲ್ಲ, ದಿನಾ ಸಾಯಂಕಾಲ ನಾನೇ ಹತ್ರ ನಿಂತು ಹೊಡೆಸ್ತೀನಿ.’