ಕೈ ಬರೆಯುವ ಲೀವೆನ್

ಘೆಂಟ್ ಪಟ್ಟಣದ ಕ್ಲೇರ್‌ಬೌಟ್ ಮನೆತನದವರು ತಲೆಮಾರುಗಳಿಂದ ಚಿತ್ರ ಬರೆದುಕೊಂಡು ಬಂದವರು. ಕೆಲಸದ ಹಂಚಿಕೆ ಕಟ್ಟುನಿಟ್ಟು. ಮುಖಗಳು ಅಪ್ಪ ವೌಟರನವು, ಬಟ್ಟೆಯ ನೆರಿಗೆಗಳು ಅಣ್ಣ ಪಾಸ್ಕಿಯರನವು, ಚಿನ್ನದ ರೇಕು ಅಕ್ಕ ಕಾಟ್ಲೀನಳದು. ಕಿರಿಯವನಾದ ಲೀವೆನ್‌ಗೆ ಉಳಿದದ್ದು ಕೈಗಳು. ಮುಗಿದ ಕೈ, ಚಾಚಿದ ಕೈ, ಮೊಳೆ ಹೊಡೆಸಿಕೊಂಡ ಕೈ ಎಂದು ಬರೆಯುತ್ತಲೇ ಅವನ ತಲೆ ನರೆಯತೊಡಗಿತ್ತು. ಒಂದು ಮುಖವನ್ನಾದರೂ ಪೂರ್ತಿ ತಾನೇ ಬರೆದು ತೋರಿಸದೆ ಚಿತ್ರಕಾರರ ಸಂಘ ಅವನನ್ನು ಯಜಮಾನನೆಂದು ಒಪ್ಪುತ್ತಿರಲಿಲ್ಲ. ಸಂಘ ಒಪ್ಪದೆ ಸ್ವಂತ ಅಂಗಡಿ ತೆರೆಯುವಂತಿರಲಿಲ್ಲ.

"ಅಪ್ಪಾ, ಒಂದೇ ಒಂದು ಮುಖ ಕೊಡಪ್ಪ."

"ಮೊದಲು ಹೆಬ್ಬೆರಳು ನೆಟ್ಟಗೆ ಬರೀ."

ಕೊನೆಗೆ ವೌಟರನ ಬೆರಳುಗಳಿಗೆ ವಾತ ಹಿಡಿಯಿತು. ಅದೇ ವಾರ, ಬಟ್ಟೆ ವ್ಯಾಪಾರಿ ಯೋಸ್ ಹತ್ತಿದ್ದ ಹಡಗು ಮುಳುಗಿತೆಂದು ಸುದ್ದಿ ಬಂತು. ಚರ್ಚಿಗೆ ಕೊಡಲು ಅವನು ಬರೆಸುತ್ತಿದ್ದ ಓಕ್ ಹಲಗೆಯಲ್ಲಿ ಗಂಡ ಹೆಂಡಿರು ಮಾತೆ ಮರಿಯಳ ಮುಂದೆ ಮಂಡಿಯೂರಿದ್ದರು. ಗಂಡನ ಮುಖವಷ್ಟೇ ಖಾಲಿ. ಅದು ಲೀವೆನ್ ಪಾಲಿಗೆ ಬಂತು.

"ಮೂಗಿನ ಮೇಲೆ ನರುಳ್ಳಿ ಬೇಡ," ಎಂದಳು ಯೋಸ್‌ನ ಹೆಂಡತಿ ಅವೆಸೂಟ್, ಕಣ್ಣೊರೆಸಿಕೊಳ್ಳುತ್ತ. "ಸ್ವರ್ಗಕ್ಕೆ ಹೋದೋರಿಗೆ ಅದ್ಯಾಕೆ? ಎರಡನೇ ಗದ್ದಾನೂ ತೆಗೀರಿ. ಕಣ್ಣಲ್ಲಿ ಸ್ವಲ್ಪ ಕರುಣೆ ಹಾಕಿ."

"ಕರುಣೆ ಇತ್ತಾ ಅಮ್ಮಾ?"

"ಇರಲಿಲ್ಲ. ಹಾಕಿ."

ಲೀವೆನ್ ಹಾಕಿದ. ಸತ್ತವರ ತಲೆಯ ಮೇಲೆ ಪುಟ್ಟ ಕೆಂಪು ಶಿಲುಬೆ ಬರೆಯುವುದು ವಾಡಿಕೆ. ಅದನ್ನೂ ಬರೆದ.

ಚರ್ಚಿನಲ್ಲಿ ಹಲಗೆ ಏರಿಸಿದ ದಿನ ಸಂಘದ ಹಿರಿಯ ಬೌಡೆವೈನ್ ಪರೀಕ್ಷೆಗೆ ಬಂದಿದ್ದರು. ಅವರು ಮುಖದ ಹತ್ತಿರ ಬಗ್ಗಿದ್ದಾಗಲೇ ಯೋಸ್ ಬಾಗಿಲಲ್ಲಿ ಬಂದು ನಿಂತ. ಲ್ಯೂಬೆಕ್ ಬಂದರಿನಲ್ಲಿ ಕುಡಿದು ಮಲಗಿದ್ದವನನ್ನು ಬಿಟ್ಟು ಹಡಗು ಹೊರಟುಹೋಗಿತ್ತು. ಅವೆಸೂಟ್ ಕಿರುಚಿ, ತಬ್ಬಿಕೊಂಡು, ಆಮೇಲೆ ಬೆನ್ನಿಗೆ ನಾಲ್ಕು ಗುದ್ದಿದಳು.

ಯೋಸ್ ಹಲಗೆ ನೋಡಿದ. "ನಿನ್ನ ಎದುರು ಮಂಡಿಯೂರಿರೋನು ಯಾವನೇ?"

"ನೀವೇ ಕಣ್ರೀ."

"ಈ ಪಾದ್ರಿ ಮುಖದೋನು ನಾನಾ? ಮೇಲೆ ಶಿಲುಬೆ ಬೇರೆ! ಸಾಯಿಸಿ ಗೋಡೆಗೆ ನೇತುಹಾಕಿದೀರಲ್ರೋ!"

ಬೌಡೆವೈನ್ ನಿಟ್ಟುಸಿರಿಟ್ಟರು. "ಹೋಲಿಕೆ ಇಲ್ಲ. ಇರೋ ಮನುಷ್ಯನಿಗೆ ಶಿಲುಬೆ. ನಾನು ಏನಂತ ಒಪ್ಪಲಪ್ಪಾ ಲೀವೆನ್?"

ಲೀವೆನ್ ಯೋಸ್‌ನತ್ತ ಕೈ ತೋರಿಸಿದ. "ಇವರು ನನ್ನ ಮುಂದೆ ಕೂರಲಿ ಸ್ವಾಮಿ. ಮತ್ತೆ ಬರೀತೀನಿ."

"ಕೂರ್ತೀನಿ," ಎಂದ ಯೋಸ್. "ನರುಳ್ಳಿ ಮಾತ್ರ ಬೇಕು. ಅದಿಲ್ದೆ ಸಂತೇಲಿ ನನ್ನ ಯಾರು ಗುರುತು ಹಿಡೀತಾರೆ?"

ಹಲಗೆಯನ್ನು ಇಳಿಸಿ ಕ್ಲೇರ್‌ಬೌಟರ ಮನೆಗೆ ತಂದರು. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಯೋಸ್ ಒಣಮೀನು ಅಗಿಯುತ್ತ ಅಲ್ಲಿನ ಕಿಟಕಿಯ ಪಕ್ಕ ಕುಳಿತ. ನರುಳ್ಳಿ ಬುಡದಲ್ಲಿ ನಸುಗೆಂಪು, ಕಿಟಕಿಯ ಕಡೆಗೆ ಚುಕ್ಕಿಯಷ್ಟು ಬೆಳಕು. ಲೀವೆನ್ ಅಗಸೆ ಎಣ್ಣೆಯ ಬಣ್ಣವನ್ನು ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಿದ. ಗದ್ದಗಳೆರಡೂ ವಾಪಸು ಬಂದವು.

"ಕರುಣೆ ಎಲ್ಲಿ?" ಎಂದಳು ಅವೆಸೂಟ್.

"ಹುಡುಕಿದೆ ಅಮ್ಮಾ. ಸಿಗಲಿಲ್ಲ."

ಶಿಲುಬೆಯ ಮೇಲೆ ಆಕಾಶದ ನೀಲಿ ಬಳಿದ. ಆದರೆ ಸುಮ್ಮನಿರಲಾಗದೆ ಹೇಳಿಯೂ ಬಿಟ್ಟ: "ಹಳೇದಾದ ಹಾಗೆ ಮೇಲಿನ ಬಣ್ಣ ತಿಳಿಯಾಗುತ್ತೆ. ನಲವತ್ತು ವರ್ಷಕ್ಕೆ ಶಿಲುಬೆ ಮತ್ತೆ ಕಾಣಬಹುದು."

ಯೋಸ್ ತನ್ನ ವಯಸ್ಸಿಗೆ ನಲವತ್ತು ಕೂಡಿಸಿ ನೋಡಿದ. "ಆಗ ಸರಿಯಾಗೇ ಇರುತ್ತೆ. ಬಿಡು."

ಬೌಡೆವೈನ್ ಮತ್ತೆ ಬಂದು ಯೋಸ್‌ನನ್ನೂ ಹಲಗೆಯನ್ನೂ ಸರದಿಯಂತೆ ನೋಡಿದರು. "ಹೋಲಿಕೆ ಇದೆ. ಸ್ವಲ್ಪ ಜಾಸ್ತೀನೇ ಇದೆ. ವೌಟರ್, ನಿಜ ಹೇಳು, ಇದಕ್ಕೆ ನೀನು ಕೈ ಹಚ್ಚಿದೀಯಾ?"

ವೌಟರ್ ಹಲಗೆಯ ಮೇಲಿನ ಮುಖದ ಹತ್ತಿರ ಬಗ್ಗಿ ನೋಡಿದ.

"ನಾನು ಬರೆದಿದ್ರೆ," ಎಂದ ಅಪ್ಪ, "ನರುಳ್ಳಿ ಇದರ ಅರ್ಧ ಇರ್ತಿತ್ತು. ಮುಖ ಪೂರಾ ಅವನದೇ."

"ಅರ್ಧ ಯಾಕ್ರೀ?" ಯೋಸ್ ಮೂಗು ಮುಟ್ಟಿಕೊಂಡು ರೇಗಿದ. "ಇರೋದೇ ಇಷ್ಟು!"

ಬೌಡೆವೈನ್ ನಗು ತಡೆಯಲಾರದೆ ಲೀವೆನ್‌ನ ಹೆಗಲು ತಟ್ಟಿದರು. "ಬನ್ನಿ ಯಜಮಾನ್ರೇ," ಎಂದರು. ಲೀವೆನ್ ಒಮ್ಮೆ ಹಿಂತಿರುಗಿ ನೋಡಿದ, ಅಪ್ಪನನ್ನು ಕರೆದರೇನೋ ಎಂದು.