ಕಾಟು ಹಾಕಿದ ‘ಇಲ್ಲ’

ನನ್ನ ಅಕ್ಷರ ಚೆಂದ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆತನದ ಎಲ್ಲ ಅರ್ಜಿಗಳನ್ನೂ ನಾನೇ ತುಂಬುತ್ತ ಬಂದಿದ್ದೇನೆ. ರೇಶನ್ ಕಾರ್ಡು, ಮಕ್ಕಳ ಸಾಲೆಯ ದಾಖಲಾತಿ, ಅಪ್ಪ ತೀರಿಕೊಂಡಾಗಿನ ಕಾಗದಗಳು, ಅಣ್ಣನ ರಿವಾಲ್ವರ್ ಲೈಸನ್ಸು. ನಮ್ಮ ಚರ್ಚಿನಲ್ಲಿ ಭಾನುವಾರ ಓದಿ ಹೇಳುವ ಪ್ರಾರ್ಥನೆಯ ಚೀಟಿಗಳನ್ನೂ ಬಹಳ ಜನ ನನ್ನಿಂದಲೇ ಬರೆಸುತ್ತಾರೆ. ಅರ್ಜಿಗಳಿಗೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಹಳೆಯ ಅರ್ಜಿಯ ಜೆರಾಕ್ಸ್ ಎಡಗಡೆ, ಹೊಸದು ಬಲಗಡೆ. ಎಡದಲ್ಲಿದ್ದದ್ದು ಬಲಕ್ಕೆ ಬರಬೇಕು. ಹೆಸರು, ತಂದೆಯ ಹೆಸರು, ಎತ್ತರ, ಗುರುತಿನ ಮಚ್ಚೆ. ವಯಸ್ಸೊಂದು ಬಿಟ್ಟರೆ ಮನುಷ್ಯನಲ್ಲಿ ಬದಲಾಗುವಂಥದ್ದು ಏನೂ ಇಲ್ಲ ಎಂದು ನಂಬಿದ್ದೆ. ನಂಬಿದ್ದೆನೆ? ಆ ಪದ್ಧತಿಯಿಂದ ಕೈಗೆ ಆರಾಮವಿತ್ತು, ಅಷ್ಟೇ ಇರಬಹುದು.

ಅಣ್ಣ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ನಿವೃತ್ತನಾಗಿ ಹುಬ್ಬಳ್ಳಿಗೆ ಬಂದ ಮೇಲೆ ಲೈಸನ್ಸು ಮಾಡಿಸಿ, ಸ್ವಂತಕ್ಕೊಂದು ರಿವಾಲ್ವರ್ ಕೊಂಡು, ದೇಶಪಾಂಡೆ ನಗರದ ಒಂದು ಬಂಗಾರದ ಅಂಗಡಿಯಲ್ಲಿ ಗನ್‌ಮನ್ ಆದ. ಅವನನ್ನು ಇಟ್ಟುಕೊಂಡ ಸೇಠರು ಆಯುಧ ಕೊಡುತ್ತಿರಲಿಲ್ಲ. ಲೈಸನ್ಸೂ ಆಯುಧವೂ ತನ್ನವೇ ಇದ್ದವನಿಗೆ ಮಾತ್ರ ಬಾಗಿಲ ಪಕ್ಕದ ಕುರ್ಚಿ. ಲೈಸನ್ಸು ಹೋದರೆ ಕುರ್ಚಿಯೂ ಹೋಯಿತು. ಬೂದು ಬಣ್ಣದ ಸಫಾರಿ ತೊಟ್ಟು ಆ ಕುರ್ಚಿಯಲ್ಲಿ ಅವನು ಎಷ್ಟೋ ವರ್ಷ ಕುಳಿತ. ಸೊಂಟದಲ್ಲಿದ್ದದ್ದನ್ನು ಒಮ್ಮೆಯೂ ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಚುನಾವಣೆ ಬಂದಾಗ ಲೈಸನ್ಸುದಾರರೆಲ್ಲ ಆಯುಧಗಳನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಅವನೂ ಮಾಡಿ, ರಸೀದಿ ತಂದು, ಖಾಲಿ ಬೆಲ್ಟು ಕಟ್ಟಿಕೊಂಡು ಕೂಡುತ್ತಿದ್ದ.

“ಇಲೆಕ್ಷನ್ ಮುಗಿಯೂತನಕಾ ನಾ ಬರೇ ಮೀಸಿ ಮ್ಯಾಲೇ ಡ್ಯೂಟಿ ಮಾಡತೇನಿ,” ಎನ್ನುತ್ತಿದ್ದ.

ನಾನು ಹೇಳಹೊರಟಿರುವ ಲೈಸನ್ಸು ನವೀಕರಣಕ್ಕಿಂತ ಒಂದು ವರ್ಷ ಮೊದಲು ಅಣ್ಣ ಯಾರ ಜೊತೆಗೂ ಮಾತಾಡುವುದನ್ನು ಬಿಟ್ಟ. ಯಾಕೆ ಎಂದು ಬರೆಯಲು ಮೂರು ಸಲ ಕುಳಿತಿದ್ದೇನೆ. ಮೊದಲ ಸಲ ಅಪ್ಪನ ಸಾವು ಎಂದು ಬರೆದೆ. ಅಪ್ಪ ಹೋಗಿ ಅಷ್ಟೊತ್ತಿಗೆ ನಾಲ್ಕು ವರ್ಷವಾಗಿತ್ತು. ಎರಡನೆಯ ಸಲ ಸೈನ್ಯದಲ್ಲಿ ಕಂಡದ್ದು ಎಂದು ಬರೆದೆ. ಸೈನ್ಯದ ದಿನಗಳನ್ನು ಅವನು ಯಾವಾಗಲೂ ನಗುತ್ತಲೇ ಹೇಳುತ್ತಿದ್ದ. ಮೂರನೆಯ ಸಲ ಜಾಗ ಖಾಲಿ ಬಿಟ್ಟೆ. ಈಗಲೂ ಖಾಲಿ ಬಿಡುತ್ತೇನೆ. ಗೊತ್ತಿರುವುದು ಇಷ್ಟು: ಕೆಲಸದಿಂದ ಬಂದವನು ಮಂಚದ ಅಂಚಿಗೆ ಕುಳಿತು ಒಂದು ಬೂಟು ಬಿಚ್ಚುತ್ತಿದ್ದ. ಇನ್ನೊಂದನ್ನು ಅವನ ಹೆಂಡತಿ, ನಮ್ಮ ವೈನಿ, ಬಂದು ಬಿಚ್ಚುವ ತನಕ ಹಾಗೆಯೇ ಕುಳಿತಿರುತ್ತಿದ್ದ.

ನಮ್ಮ ಕಡೆ ಯಾರಾದರೂ ಹೆಚ್ಚುಕಡಿಮೆ ಮಾತಾಡಿದರೆ “ಇವನ್ನ ಧಾರವಾಡಕ್ಕ ಕಳಸ್ರಿ” ಎಂದು ನಗುವುದು ರೂಢಿ. ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ವೈನಿ ಅಣ್ಣನನ್ನು ಕರೆದುಕೊಂಡು ಧಾರವಾಡದ ಬಸ್ಸನ್ನೇ ಹತ್ತಿದರು, ಆದರೆ ನಡುವೆ ಸತ್ತೂರಿನಲ್ಲಿ ಇಳಿದರು. ಅಲ್ಲಿಯ ದೊಡ್ಡ ಆಸ್ಪತ್ರೆಗೆ ಎಲ್ಲ ಥರದ ರೋಗಿಗಳು ಬರುತ್ತಾರೆ. ಬಾಗಿಲಲ್ಲಿ ಕಂಡವರಿಗೆ ಯಾವ ರೋಗವೆಂದು ತಿಳಿಯುವುದಿಲ್ಲ. ಡಾಕ್ಟರು ಗುಳಿಗೆ ಕೊಟ್ಟರು. ತಿಂಗಳಿಗೊಮ್ಮೆ ಬರಲು ಹೇಳಿದರು. ಅಣ್ಣ ಎರಡು ವಾರ ರಜೆ ಹಾಕಿ, ಮತ್ತೆ ಕುರ್ಚಿಗೆ ಹೋದ. ಗುಳಿಗೆ ನಡೆದೇ ಇದ್ದವು.

ಆ ದಿನಗಳಲ್ಲಿ ವೈನಿ ನನ್ನ ಬಳಿ ಬಂದು ಪ್ರಾರ್ಥನೆಯ ಚೀಟಿ ಬರೆಸಿದರು. ನಮ್ಮ ಸಭೆಯಲ್ಲಿ ಸಕ್ಕರೆ ಕಾಯಿಲೆ, ಮೊಣಕಾಲು, ಕಣ್ಣಿನ ಆಪರೇಶನ್, ಯಾವುದನ್ನೂ ಮುಚ್ಚಿಡುವುದಿಲ್ಲ. ಪಾದ್ರಿ ಅಯ್ಯನವರು ಹೆಸರು ಮತ್ತು ರೋಗ ಎರಡನ್ನೂ ಗಟ್ಟಿಯಾಗಿ ಓದುತ್ತಾರೆ, ಎಲ್ಲರೂ ತಲೆ ಬಾಗಿಸುತ್ತಾರೆ.

“ಏನಂತ ಬರೀಲಿ, ವೈನಿ?”

“ಗ್ಯಾಸ್ಟ್ರಿಕ್ ಅಂತ ಬರೀರಿ, ಬಾಯಾರ.” ನಾನು ಸಾಲೆಯಲ್ಲಿ ಕಲಿಸುತ್ತಿದ್ದವಳಾದ್ದರಿಂದ ವೈನಿಗೆ ನಾನು ಬಾಯಾರು. “ಗ್ಯಾಸ್ಟ್ರಿಕ್ ಯಾರಿಗಿಲ್ಲ?”

ಬರೆದೆ. ಇಡೀ ಸಭೆ ಅಣ್ಣನ ಹೊಟ್ಟೆಗಾಗಿ ಪ್ರಾರ್ಥಿಸಿತು. ಅಣ್ಣ ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಅವನ ಕುತ್ತಿಗೆ ಕೆಂಪಾದದ್ದು ನೆನಪಿದೆ. ಕೆಂಪಾಗಬೇಕಿತ್ತು ಎಂದು ಆಮೇಲೆ ನಾನು ಸೇರಿಸಿಕೊಂಡಿರಲೂಬಹುದು.

ವರ್ಷದ ನಂತರ, ಒಂದು ಶನಿವಾರ ಮಧ್ಯಾಹ್ನ, ಲೈಸನ್ಸು ನವೀಕರಣದ ಅರ್ಜಿ ತುಂಬಲು ಅವರ ಮನೆಗೆ ಹೋದೆ. ನಮ್ಮಿಂದ ಅವರಿಗೆ ಎರಡು ಓಣಿ. ಹಳೆಯ ಜೆರಾಕ್ಸ್ ಎಡಗಡೆ, ಹೊಸದು ಬಲಗಡೆ. ಅಣ್ಣ ಎದುರಿಗೆ, ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಅರ್ಜಿಯ ಜೊತೆ ಆರೋಗ್ಯದ ಬಗ್ಗೆ ಒಂದು ಹೇಳಿಕೆ ಕೊಡಬೇಕಿತ್ತು. ಅದರಲ್ಲೊಂದು ಪ್ರಶ್ನೆ: ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ?

ಎಡದ ಹಾಳೆಯಲ್ಲಿ ‘ಇಲ್ಲ’ ಎಂದಿತ್ತು. ನನ್ನದೇ ಅಕ್ಷರ. ಬರೆದ ದಿನ ಅದು ಖರೆಯೂ ಆಗಿತ್ತು. ಬಲದ ಹಾಳೆಯಲ್ಲಿ ‘ಇಲ್ಲ’ ಎಂದು ಬರೆದೆ.

ಇಲ್ಲಿ ನಿಲ್ಲುತ್ತೇನೆ, ಯಾಕೆಂದರೆ ಇದನ್ನು ನಾನು ಮೂವರಿಗೆ ಮೂರು ರೀತಿ ಹೇಳಿದ್ದೇನೆ. ಗಂಡನಿಗೆ, ರೂಢಿಯಿಂದ ಕೈ ತಾನೇ ಬರೆಯಿತು ಎಂದೆ. ಮಗಳಿಗೆ, ಅಣ್ಣನ ಮುಖ ನೋಡಿದೆ, ಅವನು ಗೋಡೆ ನೋಡಿದ, ಅದನ್ನೇ ಒಪ್ಪಿಗೆ ಎಂದುಕೊಂಡೆ ಎಂದೆ. ಅಯ್ಯನವರಿಗೆ, ಅವನ ಕುರ್ಚಿ ಹೋಗಬಾರದೆಂದು ತಿಳಿದೇ ಬರೆದೆ ಎಂದೆ. ಮೂರನ್ನು ಹೇಳುವಾಗಲೂ ನನಗೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ಗ್ಯಾಸ್ಟ್ರಿಕ್ ಎಂದು ಬರೆದ ಕೈಯೇ ಇದು. ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ದಾರಿ ಮಾತ್ರ ನನಗಿಲ್ಲ.

ಸಹಿಗೆಂದು ಹಾಳೆಯನ್ನು ಅಣ್ಣನ ಕಡೆ ತಿರುಗಿಸಿದೆ. ಅವನು ಯಾವತ್ತೂ ಓದದೆ ಸಹಿ ಹಾಕುವವನು. ಅವತ್ತು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಒಂದೊಂದೇ ಸಾಲು ಓದಿದ.

“ಇದು ಯಾರ ಫಾರ್ಮ್ ತಂಗೀ?”

“ನಿಂದೇ.”

“ನಂದು ಅಲ್ಲಿದು. ಇಂವಾ ಯಾರೋ ಭಾಳ ಗಟ್ಟಿ ಮನಷ್ಯಾ ಅದಾನ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಸಹಿ ಮಾಡ್ರಿ ಸುಮ್ಮ. ಹೌದು ಅಂತ ಬರದ್ರ ಲೈಸೆನ್ಸ್ ಕೊಡತಾರೇನು? ಗನ್ ಇಲ್ಲದ ಗನ್‌ಮನ್‌ನ ತೊಗೊಂಡು ಸೇಠ ಏನ್ ಮಾಡತಾನ, ಪೂಜಿ ಮಾಡತಾನ?”

“ಗುಳಿಗಿ ತೊಗೊಂಡೇನಿಲ್ಲೋ?”

“ತೊಗೊಂಡೀರಿ. ಆರಾಮ ಆಗೀರಿ. ಮುಗೀತು.”

“ಮುಗದಿಲ್ಲ. ಇನ್ನೂ ತೊಗೊಳ್ಳಾಕತ್ತೇನಿ.” ಅಣ್ಣ ಚಾಳೀಸು ತೆಗೆದು ಹಾಳೆಯ ಮೇಲಿಟ್ಟ. ಆಮೇಲೆ ಅಡಿಗೆಮನೆಯ ಕಡೆ ನೋಡಿ, ಉಪ್ಪು ಎಲ್ಲಿದೆ ಎಂದು ಕೇಳುವಷ್ಟು ಮೆತ್ತಗೆ ಕೇಳಿದ: “ಹೋದ ವರ್ಷ ನನ್ನ ಗುಂಡು ಎಲ್ಲೆ ಇಟ್ಟಿದ್ದಿ, ಜ್ವಾಳದ ಹಿಟ್ಟಿನ ಡಬ್ಬ್ಯಾಗಲ್ಲೇನು?”

ನನಗೆ ಅರ್ಥವಾಗಲಿಲ್ಲ. ವೈನಿ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಆಗ ಅವರ ಬಾಯಿಂದಲೇ ತಿಳಿಯಿತು. ಅಣ್ಣ ಮಾತು ಬಿಟ್ಟಿದ್ದ ದಿನಗಳಲ್ಲಿ, ಅವನು ಸ್ನಾನಕ್ಕೆ ಹೋದಾಗ, ವೈನಿ ರಿವಾಲ್ವರ್‌ನಿಂದ ಗುಂಡುಗಳನ್ನು ತೆಗೆದು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಅವನ್ನು ಹೇಗೆ ತೆಗೆಯುವುದೆಂದು, ಬಹಳ ಹಿಂದೆ, ರಿವಾಲ್ವರ್ ಕೊಂಡ ಹೊಸದರಲ್ಲಿ, ಅವನೇ ಅವರಿಗೆ ತೋರಿಸಿಕೊಟ್ಟಿದ್ದನಂತೆ. ಅವರು ಅವನ್ನು ಮತ್ತೆ ತುಂಬಿಡುವ ತನಕ, ಅಣ್ಣ ಒಂದೂವರೆ ತಿಂಗಳು ಖಾಲಿ ರಿವಾಲ್ವರ್ ಕಟ್ಟಿಕೊಂಡು ಬಂಗಾರದ ಅಂಗಡಿ ಕಾದಿದ್ದ.

“ನಿಮಗ ಗೊತ್ತಿತ್ತು?” ವೈನಿ ಕೇಳಿದರು.

“ಇಪ್ಪತ್ತು ವರ್ಷ ಫೌಜಿನ್ಯಾಗ ಇದ್ದವಗ ತೂಕದಾಗ ಗೊತ್ತಾಗೂದಿಲ್ಲೇನು? ಸೊಂಟಕ್ಕ ಸಿಗಸ್ಕೊಂಡ ಕೂಡಲೇ ಗೊತ್ತಾತು.”

“ಮತ್ತ ಯಾಕ ಕೇಳಲಿಲ್ಲ?”

“ಕೇಳಿದ್ರ ಕೊಡತಿದ್ದಿ,” ಅಂದ.

ಈ ಮಾತನ್ನು ಅವನು ಹೀಗೆಯೇ ಆಡಿದ. ಇದೊಂದನ್ನು ನಾನು ತಿದ್ದಿಲ್ಲ. ಆದರೆ ಹಿಟ್ಟು ಮೆತ್ತಿಕೊಂಡ ಆರು ಗುಂಡು ಒಂದು ತಾಟಿನಲ್ಲಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ, ಅದನ್ನು ಮಾತ್ರ ನಂಬಬೇಡಿ. ಅವನ್ನು ನಾನು ನೋಡಿಯೇ ಇಲ್ಲ. ಎಷ್ಟಿದ್ದವು ಎಂದೂ ಗೊತ್ತಿಲ್ಲ.

“ಮತ್ತೊಮ್ಮೆ ಹಂಗಾತು ಅಂದ್ರ?” ಅಣ್ಣ ಹೇಳಿದ. “ಡಾಕ್ಟರ್ ಹೇಳ್ಯಾರ, ಆಗಬಹುದು, ಆಗದನೂ ಇರಬಹುದು. ನೀ ದಿನಾ ನನ್ನ ಸ್ನಾನಾ ಕಾಯ್ಕೋತ ಕುಂದ್ರಬೇಕೇನು? ಬರಿ ತಂಗಿ. ಹೌದು ಅಂತ ಬರಿ.”

ಬೇರೆ ಹಾಳೆ ತರುತ್ತೇನೆ, ಇದು ಕೆಟ್ಟಿತು ಅಂದೆ. ಅವನು ಬೇಡ ಅಂದ. ಫೌಜಿನಲ್ಲಿ ತಪ್ಪನ್ನು ಕೆರೆದು ತೆಗೆಯುವಂತಿರಲಿಲ್ಲವಂತೆ. ಅದರ ಮೇಲೊಂದು ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕಿತ್ತಂತೆ. ಹಾಗೆಯೇ ಮಾಡಿದೆವು. ನನ್ನ ಚೆಂದದ ‘ಇಲ್ಲ’ದ ಮೇಲೆ ಒಂದು ಗೆರೆಯ ಕಾಟು. ಪಕ್ಕದಲ್ಲಿ ‘ಹೌದು’. ಅದರ ಮಗ್ಗುಲಲ್ಲಿ ಅವನ ಸಣ್ಣ ಸಹಿ. ವೈನಿ ಎದ್ದು ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದರು, ಮೊದಲಿಗಿಂತ ಜೋರಾಗಿ.

ಕಚೇರಿಗೆ ನಾನೂ ಜೊತೆಗೆ ಹೋದೆ. ಅರ್ಜಿ ತೆಗೆದುಕೊಂಡ ಗುಮಾಸ್ತರು ಗೆರೆ ಎಳೆದ ಜಾಗದಲ್ಲಿ ಬೆರಳಿಟ್ಟು, ಅಣ್ಣನ ಮುಖ ನೋಡಿ, ದನಿ ತಗ್ಗಿಸಿದರು. “ಇದನ್ನ ಯಾರೂ ಬರಕೊಂಡು ಬರೂದಿಲ್ರಿ, ಹವಾಲ್ದಾರ ಸಾಹೇಬ್ರ.”

“ನಾ ಬರಕೊಂಡು ಬಂದೇನ್ರಿ.”

“ಯಾಕ ಬೇಕಿತ್ರಿ ಉಸಾಬರಿ?” ಎಂದರು. ಕೆಟ್ಟ ಮನುಷ್ಯರಲ್ಲ, ಎದ್ದು ನನಗೊಂದು ಕುರ್ಚಿ ಕೊಟ್ಟರು. ಚಿಕಿತ್ಸೆ ಮಾಡಿದ ಡಾಕ್ಟರ ಪತ್ರ ಬೇಕು, ಮೇಲಿನವರು ನೋಡಿ ತೀರ್ಮಾನಿಸುತ್ತಾರೆ, ತಡವಾಗುತ್ತದೆ, ಅಲ್ಲಿಯವರೆಗೆ ಆಯುಧ ಜಮಾ ಮಾಡಬೇಕು ಎಂದು ತಿಳಿಸಿ ಹೇಳಿದರು. ಅಣ್ಣ ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ ಜಮಾ ಮಾಡಿದ. ಹೊರಗೆ ಬಂದು ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡ.

“ಊರಾಗ ಇಲೆಕ್ಷನ್ ಇಲ್ಲ ತಂಗಿ,” ಅಂದ. “ಈ ಸಲ ನನ್ನೊಬ್ಬಂದಾ ಬಂದೈತಿ.”

ಸೇಠರಿಗೆ ತಾನೇ ಹೋಗಿ ಹೇಳಿದ. ಖಾಲಿ ರಿವಾಲ್ವರಿನ ಸುದ್ದಿಯನ್ನೂ ಹೇಳಿದ. ಅವರು ಸಿಟ್ಟಾದರೋ ಸುಮ್ಮನಾದರೋ ನನಗೆ ಹೇಳಲಿಲ್ಲ. ಮುಂದಿನ ವಾರ ಆ ಬಾಗಿಲಲ್ಲಿ ಬೇರೊಬ್ಬ ಮೀಸೆಯವನು ಕುಳಿತಿದ್ದ. ಅಣ್ಣ ಈಗ ಗೆಳೆಯನೊಬ್ಬನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಾನೆ. ಕುರ್ಚಿ ಇಲ್ಲ, ನಿಂತೇ ಇರಬೇಕು. ವೈನಿ ನನ್ನ ಜೊತೆ ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಬಾಯಾರ ಎನ್ನುವುದನ್ನು ಬಿಟ್ಟು ನನ್ನ ಹೆಸರು ಹಿಡಿದು ಕರೆದರು.

ಆಮೇಲೊಂದು ಶನಿವಾರ ಅವರೇ ಬಂದರು. ಚೀಟಿ ಬರೆಸಬೇಕಿತ್ತು. ಹಿಂದೆ ಅಣ್ಣನೂ ಬಂದಿದ್ದ.

“ಏನಂತ ಬರೀಲಿ?”

“ಹೊಟ್ಟಿ ಅಂತ ಮಾತ್ರ ಬರೀಬ್ಯಾಡ,” ಅಣ್ಣ ಅಂದ. “ಹೊಟ್ಟಿ ಛಲೋ ಐತಿ.”

ವೈನಿ ನಗಲಿಲ್ಲ. “ಮನಸ್ಸು ಅಂತ ಬರೀರಿ, ಬಾಯಾರ,” ಅಂದರು.

ಭಾನುವಾರ ಅಯ್ಯನವರು ಅದನ್ನು ಓದುವ ಮುಂಚೆ ಒಂದು ಕ್ಷಣ ತಡೆದರು. ಓದಿದರು. ಸಭೆ ತಲೆ ಬಾಗಿಸಿತು. ಯಾವಾಗಲೂ ಕೇಳಿಬರುವ ಆಮೆನ್ ಅವತ್ತು ತುಸು ತಡವಾಗಿ, ಚದುರಿ ಬಂತು. ಹೊರಗೆ ಚಪ್ಪಲಿ ಮೆಟ್ಟುವಾಗ ಮುಂದಿನ ಸಾಲಿನ ಮುದುಕಿಯೊಬ್ಬರು ಅಣ್ಣನ ತೋಳು ಹಿಡಿದರು.

“ಹೋದ ವರ್ಷ ನಿನ್ನ ಹೊಟ್ಟಿ ಸಲುವಾಗಿ ದಿನಾ ಮೊಣಕಾಲೂರಿ ಪ್ರಾರ್ಥನಾ ಮಾಡೇನಲ್ಲೋ ಹುಚ್ಚಪ್ಪಾ. ಅದೆಲ್ಲಾ ಎಲ್ಲೆ ಹೋತು?”

“ಹೊಟ್ಟಿಗೇ ಹೋತ್ರೀ ಅವ್ವಾರ,” ಅಂದ ಅಣ್ಣ.

ಬಾಯಿತಪ್ಪಿ ಬಂದ ಆ ‘ಹುಚ್ಚಪ್ಪ’ ತಮ್ಮ ಕಿವಿಗೇ ಬಿದ್ದ ಮೇಲೆ ಮುದುಕಿ ಗಲ್ಲಕ್ಕೆ ಕೈ ಹಚ್ಚಿಕೊಂಡರು. ಅಣ್ಣ ನಕ್ಕ. ವೈನಿಯೂ ಮುಖ ತಿರುಗಿಸಿಕೊಂಡು ನಕ್ಕರು ಎಂದು ನಾನು ನೆನೆಯುತ್ತೇನೆ, ಆದರೆ ನನಗೆ ಕಂಡದ್ದು ಅವರ ಬೆನ್ನು ಮಾತ್ರ.

ತೀರ್ಮಾನ ಇನ್ನೂ ಬಂದಿಲ್ಲ. ಕೂತಲ್ಲಿಂದ ಏಳುವಾಗ ಅಣ್ಣನ ಬಲಗೈ ಈಗಲೂ ಸೊಂಟಕ್ಕೆ ಹೋಗುತ್ತದೆ, ಏನೂ ಸಿಗದೆ ಕಿಸೆಗೆ ಬರುತ್ತದೆ. ಅಲ್ಲಿ ರಸೀದಿ ಇದೆ. ವೈನಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಕೈ ಹಾಕುವ ಮುಂಚೆ ಒಮ್ಮೆ ಒಳಗೆ ನೋಡುತ್ತಾರೆ. ಅವನು ಸ್ನಾನಕ್ಕೆ ಹೋದಾಗ ಬಾಗಿಲ ಹತ್ತಿರ ನಿಲ್ಲುವುದನ್ನು ಮಾತ್ರ ಬಿಟ್ಟಿದ್ದಾರೆ.